ಬಸ್ಸಿಗೆ ನಾಲ್ಕು ಚಕ್ರ

ಮೂರನೇ ಸೆಮ್‌ನ ಮೊದಲ ಇಂಟರ್ನಲ್ಸ್ ಮುಗಿದ ರಾತ್ರಿ. ಹಾಸ್ಟೆಲ್‌ನಲ್ಲಿ ಅರ್ಧ ಜನ ಊರಿಗೆ ಹೊರಟಿದ್ರು, ಇನ್ನರ್ಧ ಜನ ಹೆಣದ ಹಾಗೆ ಮಲಗಿದ್ರು. ನಾನು ಮತ್ತೆ ನನ್ನ ರೂಮ್‌ಮೇಟ್ ಖಾರ ಮಂಡಕ್ಕಿ ಪೊಟ್ಟಣ ಇಟ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಅವನ ಅಕ್ಕ ಕೊಟ್ಟ ಪೆನ್‌ಡ್ರೈವ್‌ನಲ್ಲಿ ಒಂದು ಸಿನಿಮಾ ಇತ್ತು, ಹೆಸರು 'ಮಾಡಿ'. "ಏನ್ ಮಾಡ್ಬೇಕಂತೋ?" ಅಂದ ಅವನು. ತೆಗೆದು ನೋಡಿದ್ರೆ ಕೆನಡಾದ ಒಬ್ಬ ಚಿತ್ರ ಕಲಾವಿದೆಯ ಬಗ್ಗೆ 2016ರಲ್ಲಿ ಬಂದ ಸಿನಿಮಾ. ಇಪ್ಪತ್ತು ನಿಮಿಷಕ್ಕೆ ಅವನ ಗೊರಕೆ ಶುರುವಾಯ್ತು. ನಾನು ಕೊನೇ ತನಕ ನೋಡಿದೆ. ಮುಗಿದ ಮೇಲೂ ಖಾಲಿ ಪೊಟ್ಟಣ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಮುಂದಕ್ಕೆ ಹೋಗೋ ಮೊದಲು ಒಂದು ಮಾತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಎರಡು ಪುಟಕ್ಕಿಂತ ಜಾಸ್ತಿ ಬರೀತಿರೋದು ಇದೇ ಮೊದಲು. ಇದನ್ನ ಇಂಗ್ಲಿಷ್‌ನಲ್ಲಿ ಬರೆಯೋಕೆ ಹೋದೆ, ಆಗಲಿಲ್ಲ. ಅಜ್ಜಿ ಇಂಗ್ಲಿಷ್ ಮಾತಾಡೋದೇ ಇಲ್ಲವಲ್ಲ.

ಆ ಕಲಾವಿದೆಯ ಹೆಸರು ಮಾಡ್ ಲೂಯಿಸ್. ಹುಟ್ಟಿದ್ದು 1903ರಲ್ಲಿ, ಕೆನಡಾದ ಪೂರ್ವ ಅಂಚಿನಲ್ಲಿ ಸಮುದ್ರಕ್ಕೆ ಅಂಟಿಕೊಂಡಿರೋ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ. ಚಿಕ್ಕಂದಿನಲ್ಲೇ ಸಂಧಿವಾತ ಬಂತು. ಕುತ್ತಿಗೆ ಬಗ್ಗಿತು, ಗದ್ದ ಎದೆಗೆ ಅಂಟಿದ ಹಾಗಾಯ್ತು, ಕೈಬೆರಳುಗಳು ಒಳಕ್ಕೆ ಮಡಚಿಕೊಳ್ಳೋಕೆ ಶುರುವಾದವು. ಕ್ರಿಸ್‌ಮಸ್ ಕಾರ್ಡ್‌ಗೆ ಬಣ್ಣ ಹಚ್ಚೋದನ್ನ ಅಮ್ಮ ಕಲಿಸಿದ್ಲು. ಆರ್ಟ್ ಸ್ಕೂಲ್ ಗೀರ್ಟ್ ಸ್ಕೂಲ್ ಏನೂ ಇಲ್ಲ, ಅಷ್ಟೇ ಕೋರ್ಸು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅತ್ತೆಯೊಬ್ಬಳ ಮನೆ ಸೇರಿದಳು. 1938ರಲ್ಲಿ ಎವರೆಟ್ ಲೂಯಿಸ್ ಅನ್ನೋ ಮೀನು ಮಾರೋನನ್ನ ಮದುವೆಯಾಗಿ ಮಾರ್ಷಲ್‌ಟೌನ್ ಅನ್ನೋ ಹಳ್ಳಿಗೆ ಬಂದಳು.

ಆ ಮನೆ ಬಗ್ಗೆ ಹೇಳ್ಬೇಕು. ಒಂದೇ ರೂಮು, ಸುಮಾರು 13 ಅಡಿ ಚೌಕ, ಮೇಲೊಂದು ಅಟ್ಟ. ನಮ್ಮ ಟ್ರಿಪಲ್ ಶೇರಿಂಗ್ ರೂಮ್ ನೆನೆಸ್ಕೊಳ್ಳಿ, ಹೆಚ್ಚುಕಮ್ಮಿ ಅಷ್ಟೇ. ಕರೆಂಟಿಲ್ಲ, ನಲ್ಲಿಯಿಲ್ಲ. ಅದರಲ್ಲಿ 32 ವರ್ಷ ಇದ್ದಳು, ಸಾಯೋ ತನಕ. ಕೈ ನೋವಿನಿಂದ ಮನೆಕೆಲಸ ಆಗ್ತಿರಲಿಲ್ಲ, ಕಿಟಕಿ ಪಕ್ಕ ಕೂತು ಚಿತ್ರ ಬರೀತಿದ್ಲು. ದೋಣಿಗೆ ಹೊಡೆದು ಮಿಕ್ಕ ಪೇಂಟು, ಮನೆಗೆ ಹೊಡೆದು ಮಿಕ್ಕ ಪೇಂಟು, ಹೀಗೆ ಸಿಕ್ಕಿದ್ದರಲ್ಲಿ. ಹಲಗೆ ಖಾಲಿಯಾದ್ರೆ ಮನೆಯೇ ಇತ್ತು. ಗೋಡೆ, ಬಾಗಿಲು, ಅಟ್ಟಕ್ಕೆ ಹತ್ತೋ ಮೆಟ್ಟಿಲು, ಕಿಟಕಿ ಗಾಜು, ಬ್ರೆಡ್ ಡಬ್ಬಿ, ಕೊನೆಗೆ ಒಲೆಯ ಮೇಲೂ ಹೂವು, ಚಿಟ್ಟೆ, ಹಕ್ಕಿ.

ಆಕೆಯ ಚಿತ್ರಗಳನ್ನ ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಎತ್ತುಗಳಿಗೆ ಉದ್ದುದ್ದ ಕಣ್ಣಿನ ರೆಪ್ಪೆ, ಹೀರೋಯಿನ್ ಥರ. ನೆಲದ ಮೇಲೆ ಹಿಮ ಬಿದ್ದಿದೆ, ಮರದ ತುಂಬ ಕೆಂಪು ಹಳದಿ ಎಲೆ ಹಾಗೇ ಇದೆ. ಯಾವುದಕ್ಕೂ ನೆರಳೇ ಇಲ್ಲ. ಮೂರು ಕರಿ ಬೆಕ್ಕು, ಜೋಡಿ ಎತ್ತು, ಹಿಮಗಾಡಿ, ಬಂದರು, ಲೈಟ್‌ಹೌಸು. ಇವನ್ನೇ ಮತ್ತೆ ಮತ್ತೆ ಎಷ್ಟೋ ಸಲ ಬರೆದಿದ್ದಾಳೆ. ಫಸ್ಟ್ ಇಯರ್ ಡ್ರಾಯಿಂಗ್ ಲ್ಯಾಬ್‌ನಲ್ಲಿ ಹೀಗೆ ಬರೆದಿದ್ರೆ ಶೀಟ್ ವಾಪಸ್ ಮುಖಕ್ಕೆ ಬರ್ತಿತ್ತು. ನನಗೆ ಆ ಅನುಭವ ಚೆನ್ನಾಗಿದೆ. ಐಸೊಮೆಟ್ರಿಕ್ ಪ್ರೊಜೆಕ್ಷನ್‌ನಲ್ಲಿ ಶಂಕುವಿನ ಮೇಲೆ ಕೂತ ಗೋಳ ಬರೆಯೋಕೆ ಹೋಗಿ, ಐಸ್‌ಕ್ರೀಮ್ ಬರೆದಿದ್ದೀಯಾ ಅಂತ ಎಲ್ಲರ ಮುಂದೆ ಕೇಳಿಸ್ಕೊಂಡವನು ನಾನೇ.

ಆದ್ರೆ ಒಂದು ವಿಷಯ ನಿಧಾನಕ್ಕೆ ಹೊಳೀತು. ಆಕೆ ಕಣ್ಣೆದುರು ಇರೋದನ್ನ ನೋಡಿ ಬರೀತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಮೀನಿನ ಗಾಡಿಯಲ್ಲಿ ಹೋಗಿ, ಅವನು ಮೀನು ಮಾರೋ ಮನೆಗಳಲ್ಲಿ ತನ್ನ ಕಾರ್ಡು ಮಾರ್ತಿದ್ಲಂತೆ, ಒಂದಕ್ಕೆ 25 ಸೆಂಟು. ಆಮೇಲಾಮೇಲೆ ಹೊರಗೆ ಹೋಗೋದು ಕಮ್ಮಿ ಆಯ್ತು. ಕಿಟಕಿಯಿಂದ ಕಾಣೋದು ಎದುರಿನ ರಸ್ತೆ. ಚಿತ್ರದಲ್ಲಿ ಬರ್ತಿದ್ದದ್ದು ತಾನು ಚಿಕ್ಕವಳಿದ್ದಾಗ ನೋಡಿದ ಬಂದರು, ಆಗ ಊರಲ್ಲಿ ಓಡಾಡ್ತಿದ್ದ ಎತ್ತಿನ ಗಾಡಿ. ಹಿಮದ ಮೇಲೆ ಕೆಂಪು ಎಲೆ ಯಾಕಿರಬಾರದು? ನೆನಪಿನಲ್ಲಿ ಎರಡೂ ಕಾಲ ಒಟ್ಟಿಗೇ ಇರುತ್ತಲ್ಲ. ನೆರಳು ಬರೀಬೇಕಂದ್ರೆ ಸೂರ್ಯ ಎಲ್ಲಿದ್ದಾನೆ, ಗಂಟೆ ಎಷ್ಟು ಅಂತ ಗೊತ್ತಿರಬೇಕು. ನೆನಪಿಗೆ ಗಂಟೆ ಎಲ್ಲಿಂದ ಬರಬೇಕು.

ಇದು ಹೊಳೆದ ಕೂಡಲೇ ನನಗೆ ಬಸ್ಸು ನೆನಪಾಯ್ತು.

ನನ್ನ ಅಜ್ಜಿ, ಅಂದ್ರೆ ಅಮ್ಮನ ಅಮ್ಮ, ಇರೋದು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ನಾವು ದೀವರು. ನಮ್ಮ ಕಡೆ ಮದುವೆ ಅಂದ್ರೆ ಗೋಡೆಗೆ ಹಸೆ ಚಿತ್ತಾರ ಬರೆಯೋದು ರೂಢಿ. ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ರುಬ್ಬಿದ ಅಕ್ಕಿಯ ಬಿಳಿಯಲ್ಲಿ ಗೆರೆ ಎಳೀತಾರೆ. ಕಪ್ಪಿಗೆ ಹುರಿದು ಕರಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದ್ರೆ ಪುಂಡಿ ನಾರು. ಅಮ್ಮನ ಮದುವೆಗೆ ಅಜ್ಜಿ ನಡುಮನೆಯ ಗೋಡೆಗೆ ಚಿತ್ತಾರ ಬರೆದಿದ್ಲು. ಗೆರೆಯ ಪಕ್ಕ ಗೆರೆ, ಗೂಡಿನೊಳಗೆ ಗೂಡು, ಹಕ್ಕಿಗಳು, ದಂಡಿಗೆ. ಒಂದು ಗೆರೆಯೂ ಸೊಟ್ಟ ಇಲ್ಲ, ಸ್ಕೇಲ್ ಮುಟ್ಟಿದವಳೂ ಅಲ್ಲ. ಮಿನಿ ಡ್ರಾಫ್ಟರ್ ಇಟ್ಕೊಂಡೂ ಸೊಟ್ಟ ಎಳೆಯೋ ಮೊಮ್ಮಗ ಆಮೇಲೆ ಹುಟ್ಟಿದ.

ಆ ಗೋಡೆಯ ಬಲಗಡೆ ಕೆಳಮೂಲೆಯಲ್ಲಿ ಚಿತ್ತಾರಕ್ಕೆ ಸಂಬಂಧವೇ ಇಲ್ಲದ ಒಂದು ಬಸ್ಸಿತ್ತು. ಅದು ಮದುವೆಗೆ ಬರೆದಿದ್ದಲ್ಲ. ಮದುವೆ ಮುಗಿದು ಅಮ್ಮ ಬೆಂಗಳೂರಿನ ಬಸ್ಸು ಹತ್ತಿ ಹೋದ ಮೇಲೆ, ಉಳಿದಿದ್ದ ಅಕ್ಕಿ ಹಿಟ್ಟಲ್ಲಿ ಬರೆದಿದ್ದು. ಒಂದು ಗೇಣುದ್ದ. ಅಮ್ಮ ಹೇಳೋದು, ಬಸ್ ಸ್ಟಾಪಿಂದ ವಾಪಸ್ ಬಂದವಳೇ ಅಜ್ಜಿ ಊಟಾನೂ ಮಾಡದೆ ಗೋಡೆ ಮುಂದೆ ಕೂತಿದ್ಲಂತೆ. ಬಸ್ಸಿಗೆ ನಾಲ್ಕು ಚಕ್ರ, ನಾಲ್ಕೂ ಒಂದೇ ಸಾಲಲ್ಲಿ. ಪ್ರತಿ ಕಿಟಕಿಯಲ್ಲೂ ಒಂದು ಮುಖ, ಅದರಲ್ಲಿ ಒಂದು ಮುಖಕ್ಕೆ ಮಾತ್ರ ಮೂಗುಬೊಟ್ಟು. ಪ್ರತಿ ದೀಪಾವಳಿಗೆ ಚಿತ್ತಾರದ ಗೆರೆಗಳನ್ನ ಮತ್ತೆ ತೀಡುವಾಗ ಬಸ್ಸನ್ನೂ ತೀಡ್ತಿದ್ಲು.

ಬೇಸಿಗೆ ರಜೆಗೆ ಹೋದಾಗ ನಾನು ಆ ಬಸ್ಸಿನ ಪಕ್ಕಾನೇ ಮಲಗ್ತಿದ್ದೆ. ಚಕ್ರದ ಮೇಲೆ ಬೆರಳಿಟ್ಟು ಸುತ್ತಿಸ್ತಿದ್ದೆ. ಸ್ಕೂಲಲ್ಲಿ ಸೈಡ್ ವ್ಯೂ ಅಂತ ಕಲಿತ ವರ್ಷ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೂ ನೆನಪಿದೆ, ಅಜ್ಜಿ, ಒಂದು ಕಡೆಯಿಂದ ನೋಡಿದ್ರೆ ಎರಡೇ ಚಕ್ರ ಕಾಣೋದು, ನೀನು ತಪ್ಪು ಬರೆದಿದ್ದೀಯ ಅಂತ. ಅಜ್ಜಿ ಅಡಿಕೆ ಕತ್ತರಿಸ್ತಾ, "ಹೌದಾ? ಎರಡೇ ಚಕ್ರದಲ್ಲಿ ನಿನ್ನ ಅಮ್ಮ ಬೆಂಗಳೂರು ಮುಟ್ತಿದ್ಲಾ?" ಅಂದಿದ್ಲು.

ಈಗ ನಾನು ಬರೆಯೋಕೆ ಇಷ್ಟವಿಲ್ಲದ ಭಾಗ.

ನಾನು ಸೆಕೆಂಡ್ ಪಿಯು ಮುಗಿಸಿ ಸಿಇಟಿ ರಿಸಲ್ಟ್‌ಗೆ ಕಾಯ್ತಿದ್ದಾಗ ಮಾವ ಮನೆ ರಿಪೇರಿ ಹಿಡಿದ್ರು. ಗೋಡೆಗೆ ಗೆದ್ದಲು ಬಂದಿತ್ತು, ಮಣ್ಣು ಉದುರ್ತಿತ್ತು, ಮಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಡುಮನೆಗೆ ಸಿಮೆಂಟ್ ಪ್ಲಾಸ್ಟರು, ಮೇಲೆ ಪುಟ್ಟಿ, ಅದರ ಮೇಲೆ ತಿಳಿ ಹಸಿರು ಎಮಲ್ಷನ್. ಆಳು ಒಬ್ಬ ಬಂದಿರಲಿಲ್ಲ. "ಸಿವಿಲ್ ಇಂಜಿನಿಯರ್ ಆಗೋನು ಇವನು, ಇವನೇ ಕೆರೀಲಿ" ಅಂತ ಮಾವ ನಕ್ಕೊಂಡು ಕರಣೆ ನನ್ನ ಕೈಗೆ ಕೊಟ್ರು. ನನಗೂ ಖುಷಿಯಾಯ್ತು. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೆರೆದೆ. ಮೇಲಿನಿಂದ ಶುರು ಮಾಡಿ ಎಡಗಡೆಯಿಂದ ಬಲಕ್ಕೆ ಬಂದೆ, ಹಾಗಾಗಿ ಬಸ್ಸು ಕೊನೆಗೆ ಸಿಕ್ತು. ಅಲ್ಲಿ ನಿಲ್ಲಿಸಿದೆನಾ? ಇಲ್ಲ. ಒಂದು ಫೋಟೋ ತೆಗೆಯೋಣ ಅನ್ನಿಸಿತಾ? ಅದೂ ಇಲ್ಲ, ಫೋನ್ ಜೇಬಲ್ಲೇ ಇತ್ತು. ನಾಲ್ಕೈದು ಸಲ ಕೆರೆದೆ, ಹೋಯ್ತು. ಅಷ್ಟು ಸಲೀಸಾಗಿ ಹೋಯ್ತು ಅನ್ನೋದೇ ಈಗ ಕಾಡೋದು.

ಅಜ್ಜಿ ಬಾಗಿಲ ಹತ್ತಿರ ನಿಂತಿದ್ಲು. ಎಷ್ಟು ಹೊತ್ತಿನಿಂದ ನಿಂತಿದ್ಲೋ ಗೊತ್ತಿಲ್ಲ. ನಾನು ಇಯರ್‌ಫೋನ್ ತೆಗೆದು ಎಂತ ಅಜ್ಜಿ ಅಂದೆ. "ಧೂಳು ಮೂಗಿಗೆ ಹೋಗ್ತದೆ, ಬಟ್ಟೆ ಕಟ್ಕೋ" ಅಂದ್ಲು. ತನ್ನ ಹೆಗಲ ಮೇಲಿನ ಟವೆಲ್ ಕೊಟ್ಟು ಒಳಗೆ ಹೋದ್ಲು.

ಆ ವೇಳೆಗಾಗಲೇ ಅಜ್ಜಿಗೆ ಆಮವಾತ ಜೋರಾಗಿತ್ತು. ಬೆರಳುಗಳು ಒಂದು ಕಡೆಗೆ ವಾಲಿದ್ವು, ಲೋಟ ಹಿಡಿಯೋಕೆ ಎರಡೂ ಕೈ ಬೇಕಿತ್ತು. ಅಂದ್ರೆ ಕೆರೆದು ಹಾಕಿದ್ದನ್ನ ಮತ್ತೆ ಬರೆಯೋಕೆ ಅವಳಿಂದ ಆಗಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ. ಸಿನಿಮಾ ಮುಗಿದ ಮೇಲೆ ನಾನು ಕೂತಿದ್ದು ಇದಕ್ಕೆ.

ಮಾಡ್ ಲೂಯಿಸ್ ಮನೆಗೆ ಏನಾಯ್ತು ಅಂತ ಆಮೇಲೆ ಹುಡುಕಿ ಓದಿದೆ. ಆಕೆ 1970ರಲ್ಲಿ ತೀರಿಹೋದಳು. ಗಂಡ 1979ರಲ್ಲಿ ಹೋದ ಮೇಲೆ ಮನೆ ಹಾಳು ಬಿತ್ತು. ಅದೂ ನಮ್ಮ ನಡುಮನೆಯ ಹಾಗೇ, ತೇವ, ಕೊಳೆತ ಮರ, ಉದುರೋ ಬಣ್ಣ. ಆದ್ರೆ ಆ ಊರಿನವರು ಒಂದು ಸಂಘ ಕಟ್ಕೊಂಡು ಮನೆ ಉಳಿಸೋಕೆ ಓಡಾಡಿದ್ರು. 1984ರಲ್ಲಿ ಪ್ರಾಂತ್ಯದ ಸರ್ಕಾರ ಅದನ್ನ ಕೊಂಡುಕೊಳ್ತು. ಈಗ ಆ ಮನೆ ಹ್ಯಾಲಿಫ್ಯಾಕ್ಸ್ ನಗರದ ಆರ್ಟ್ ಗ್ಯಾಲರಿ ಆಫ್ ನೋವಾ ಸ್ಕೋಷಿಯಾದ ಒಳಗಿದೆ. ಮನೆಯೊಳಗಿನ ಚಿತ್ರಗಳಷ್ಟೇ ಅಲ್ಲ, ಇಡೀ ಮನೆಯೇ. ಕಟ್ಟಡದೊಳಗೆ ಕಟ್ಟಡ. ಮೊದಲು ಮನೆಯಿದ್ದ ಜಾಗದಲ್ಲಿ ಬ್ರಯನ್ ಮೆಕೇ ಲಯನ್ಸ್ ಅನ್ನೋ ಆರ್ಕಿಟೆಕ್ಟು ಅದೇ ಅಳತೆಯಲ್ಲಿ ಸ್ಟೀಲಿನ ಒಂದು ಮನೆಯಾಕಾರ ನಿಲ್ಲಿಸಿದ್ದಾರೆ. ನಮ್ಮ ಬ್ರಾಂಚಿನವರು ದಯವಿಟ್ಟು ಅದರ ಫೋಟೋ ನೋಡಿ. ಸೈಟ್ ವಿಸಿಟ್ ಅಂತ ನಮ್ಮನ್ನ ಕರ್ಕೊಂಡು ಹೋಗೋದಾದ್ರೆ ಅಂಥ ಕಡೆ ಕರ್ಕೊಂಡು ಹೋಗ್ಬೇಕು.

ದುಡ್ಡಿನ ವಿಷಯವನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ನನಗೆ ಅದರಲ್ಲಿ ಸಿಟ್ಟಿದೆ. ರಸ್ತೆ ಬದಿಯಲ್ಲಿ ಚಿತ್ರ ಮಾರಾಟಕ್ಕಿದೆ ಅಂತ ಬೋರ್ಡು ಹಾಕ್ಕೊಂಡು, ಎರಡು ಮೂರು ಡಾಲರಿಗೆ, ಆಮೇಲೆ ಐದು ಡಾಲರಿಗೆ ಮಾರ್ತಿದ್ಲು. 1960ರ ದಶಕದ ಮಧ್ಯದಲ್ಲಿ ಪತ್ರಿಕೆ, ಟಿವಿಗಳಲ್ಲಿ ಹೆಸರು ಬಂತು, ನಿಕ್ಸನ್ ಕಾಲದಲ್ಲಿ ಅಮೆರಿಕದ ವೈಟ್ ಹೌಸಿಗೂ ಎರಡು ಚಿತ್ರ ಬೇಕಾದವು. ಆಗಲೂ ಮನೆಗೆ ಕರೆಂಟು ಬರಲಿಲ್ಲ. ಆಕೆ ಹೋದ ಮೇಲೆ 1973ರಲ್ಲಿ ಒಂದು ಹೋಟೆಲಿನವರು ಚೀಸ್ ಸ್ಯಾಂಡ್‌ವಿಚ್‌ಗಳ ಲೆಕ್ಕಕ್ಕೆ ಒಬ್ಬ ಗಿರಾಕಿಯಿಂದ ಆಕೆಯ ಒಂದು ಚಿತ್ರ ತಗೊಂಡಿದ್ರಂತೆ, ಕಪ್ಪು ಟ್ರಕ್ಕಿನ ಚಿತ್ರ. 2022ರ ಹರಾಜಿನಲ್ಲಿ ಅದು 3,50,000 ಕೆನಡಾ ಡಾಲರಿಗೆ ಹೋಯ್ತು. ಬಡತನದಲ್ಲೂ ಎಷ್ಟು ನಗುನಗುತ್ತಾ ಇದ್ದಳು ನೋಡಿ ಅಂತ ಆಕೆಯ ಬಗ್ಗೆ ಎಲ್ಲರೂ ಬರೀತಾರೆ. ಸಿನಿಮಾದಲ್ಲೂ ಸ್ವಲ್ಪ ಅದೇ ಇದೆ, ಆ ಜಿಪುಣ ಗಂಡನನ್ನ ಕೊನೆಗೆ ಪ್ರೇಮಿ ಮಾಡಿಬಿಡ್ತಾರೆ. ನನಗೆ ಹಾಗೆ ಕಾಣಲ್ಲ. ಚಿತ್ರದಲ್ಲಿ ಖುಷಿ ಇರೋದು ನಿಜ. ಅದನ್ನ ಆಕೆ ಕೂತು, ನೋಯೋ ಕೈಯಲ್ಲಿ, ದಿನಾ ಮಾಡ್ತಿದ್ಲು. ಅದು ಮುಖದ ಮೇಲೆ ತಾನಾಗೇ ಬರೋ ನಗುವಲ್ಲ, ಕೆಲಸ.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ಊರಿಗೆ ಹೋದೆ. ಶಿವಮೊಗ್ಗದ ಕಡೆ ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಬತ್ತದ ತೆನೆ ಕಟ್ಟೋ ಹೊತ್ತಿಗೆ ನಾವು ಭೂಮಿಗೆ ಬಯಕೆ ಊಟ ಕೊಡ್ತೀವಿ, ಬಸುರಿ ಹೆಂಗಸಿಗೆ ಕೊಟ್ಟ ಹಾಗೆ. ರಾತ್ರಿಯೆಲ್ಲ ಅಡುಗೆ ಮಾಡಿ ಬೆಳಗಿನ ಜಾವ ಬುಟ್ಟಿಯಲ್ಲಿ ಹೊತ್ಕೊಂಡು ಗದ್ದೆಗೆ ಹೋಗೋದು. ಅದಕ್ಕೆ ಭೂಮಣ್ಣಿ ಬುಟ್ಟಿ ಅಂತಾರೆ. ದೊಡ್ಡದೊಂದು, ಚಿಕ್ಕದೊಂದು. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ.

ನಡುಮನೆಗೆ ಹೋದ ಕೂಡಲೇ ಕಣ್ಣು ಬಲಮೂಲೆಗೆ ಹೋಯ್ತು. ಪ್ಲಾಸ್ಟರು ಉಬ್ಬಿ ಬಿರುಕು ಬಿಟ್ಟಿತ್ತು. ಈಗ ನನಗೆ ಯಾಕೆ ಅಂತ ಗೊತ್ತು. ಮಣ್ಣಿನ ಗೋಡೆ ತೇವ ಎಳ್ಕೊಂಡು ಬಿಡ್ತಾ ಇರುತ್ತೆ. ಮೇಲೆ ಸಿಮೆಂಟ್ ಹೊಡೆದ್ರೆ ತೇವಕ್ಕೆ ದಾರಿಯಿಲ್ಲ, ಎರಡಕ್ಕೂ ಹಿಡಿತವೂ ಸರಿ ಕೂರಲ್ಲ, ಎರಡು ಮಳೆಗಾಲಕ್ಕೆ ಬಿಟ್ಕೊಳ್ಳುತ್ತೆ. ಮಾವನಿಗೆ ಇದನ್ನ ವಿವರಿಸಿದೆ. "ಕೆರೆಯೋವಾಗ ಹೇಳ್ಬೇಕಿತ್ತು ಇಂಜಿನಿಯರ್ರೇ" ಅಂದ್ರು.

ಸಂಜೆ ಅಜ್ಜಿ ಪಕ್ಕ ಕೂತು ಫೋನಲ್ಲಿ ಮಾಡ್ ಲೂಯಿಸ್ ಚಿತ್ರಗಳನ್ನ ತೋರಿಸಿದೆ. ಎತ್ತು ನೋಡಿ, "ಕಣ್ಣಿಗೆ ಕಾಡಿಗೆ ಹಚ್ಚಿದ್ದಾಳೆ" ಅಂದ್ಲು. ಬೆಕ್ಕು ನೋಡಿ ನಕ್ಕಳು. ಸ್ಯಾಂಡ್‌ವಿಚ್ ಕತೆ ಹೇಳಿದ್ರೆ, "ಪಾಪ, ಹಸಿದಿದ್ದಿರಬೇಕು ಅವನು" ಅಂತ ಆ ಗಿರಾಕಿ ಪರವಾಗಿ ಮಾತಾಡಿದ್ಲು. ಆಮೇಲೆ ಆಕೆಯ ಫೋಟೋ ಒಂದು ಬಂತು, ಕಿಟಕಿ ಪಕ್ಕ ಕೂತು ಬರೀತಿರೋದು. ಅಜ್ಜಿ ಫೋನನ್ನ ನನ್ನ ಕೈಯಿಂದ ತಗೊಂಡು ಹತ್ತಿರ ಹಿಡಿದ್ಲು. ಚಿತ್ರ ನೋಡ್ತಿಲ್ಲ, ಮುಖಾನೂ ನೋಡ್ತಿಲ್ಲ.

"ಇವಳ ಬೆರಳೂ ನನ್ನ ಹಾಗೇ ಆಗಿದೆಯಲ್ಲೋ."

ಹೌದು ಅಂದೆ.

"ಮತ್ತೆ ಹ್ಯಾಗೆ ಹಿಡೀತಾಳೆ?"

ನನಗೆ ಉತ್ತರ ಹೇಳೋಕಾಗಲಿಲ್ಲ. ಅಜ್ಜಿ, ಆ ಬಸ್ಸು ಕೆರೆದಿದ್ದು ನಾನು, ತಪ್ಪಾಯ್ತು ಅಂತ ಹೇಳ್ಬೇಕು ಅಂತ ಬಸ್ಸಲ್ಲಿ ಐದಾರು ಗಂಟೆ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದೆ. ಅದರಲ್ಲಿ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಸೀದಾ ಎದ್ದು ಹೋಗಿ ಅತ್ತೆ ಹತ್ತಿರ ಚಿಕ್ಕ ಬುಟ್ಟಿ ಕೇಳಿದೆ. ದೊಡ್ಡದಕ್ಕೆ ಅತ್ತೆ ಆಗಲೇ ಬರೆದು ಮುಗಿಸಿದ್ರು, ಅಂಗಡಿಯ ಬಿಳಿ ಪೇಂಟಿನಲ್ಲಿ. ಚಿಕ್ಕದು ಬರೀ ಕೆಮ್ಮಣ್ಣಿನಲ್ಲಿ ಒಣಗ್ತಾ ಇತ್ತು. "ನೀನು ಬರೀತೀಯಾ? ಗಂಡು ಹುಡುಗ?" ಅಂತ ಅತ್ತೆ ನಕ್ಕರು. ನಗಲಿ ಬಿಡಿ, ಡ್ರಾಯಿಂಗ್ ಲ್ಯಾಬ್ ದಾಟಿ ಬಂದವನಿಗೆ ಅದೇನು ದೊಡ್ಡದಲ್ಲ.

ಪುಂಡಿ ನಾರನ್ನ ಅಜ್ಜಿ ಕೈಗೆ ಕೊಟ್ಟೆ. ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸ್ಕೊಂಡು ಒಂದು ಗೆರೆ ಎಳೆದ್ಲು. ಮೂರು ಇಂಚು ಹೋಗೋ ಹೊತ್ತಿಗೆ ನಾರು ಜಾರಿ ಬಿತ್ತು. ಇನ್ನೊಂದು ಸಲ. ಮತ್ತೆ ಬಿತ್ತು. ಆಮೇಲೆ ನಾರನ್ನ ನನ್ನ ಕೈಗೆ ಕೊಟ್ಟು, ತನ್ನ ಕೈಯನ್ನ ನನ್ನ ಮಣಿಕಟ್ಟಿನ ಮೇಲೆ ಇಟ್ಟಳು. "ಉಸಿರು ಹಿಡಿ. ಗೆರೆ ಮುಗಿದ ಮೇಲೆ ಬಿಡು." ಇಷ್ಟೇ ಟ್ರಿಕ್ಕು. ಫಸ್ಟ್ ಇಯರ್‌ನಲ್ಲಿ ಇದನ್ನ ಯಾರಾದರೂ ಹೇಳಿಕೊಟ್ಟಿದ್ರೆ ನನ್ನ ಸಿಜಿಪಿಎ ಬೇರೆ ಇರ್ತಿತ್ತು.

ಗೆರೆಗಳು ಸೊಟ್ಟಾನೇ ಬಂದ್ವು. ಅಜ್ಜಿಯ ಬೆರಳು ನಡುಗಿದಾಗ ನನ್ನ ಕೈ ನಡುಗ್ತಿತ್ತು, ನನ್ನ ಕೈ ತಾನಾಗಿ ನಡುಗಿದ್ದೂ ಇತ್ತು. ಒಂದು ಸುತ್ತು ಮುಗಿಯೋಕೆ ಮುಕ್ಕಾಲು ಗಂಟೆ ಬೇಕಾಯ್ತು. ಬುಟ್ಟಿಯ ಕೆಳಗೆ ಅಂಗೈಯಗಲ ಜಾಗ ಖಾಲಿ ಉಳಿದಿತ್ತು. ಅಲ್ಲಿಗೆ ಏನು ಅಂತ ಅಜ್ಜಿಯನ್ನ ಕೇಳಲಿಲ್ಲ. ಒಂದು ಉದ್ದ ಡಬ್ಬಿ ಬರೆದೆ, ಕಿಟಕಿ ಇಟ್ಟೆ, ಕೆಳಗೆ ಎರಡು ಚಕ್ರ ಹಾಕಿದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಆ ಕಡೆ ಎರಡು?" ಅಂದ್ಲು.

ಇನ್ನೆರಡು ಹಾಕಿದೆ.

ಅತ್ತೆ ನೋಡಿ ಬೈದ್ರು, ಭೂಮಣ್ಣಿ ಬುಟ್ಟಿಗೆ ಯಾರಾದರೂ ಬಸ್ಸು ಬರೀತಾರಾ ಅಂತ. ಒರೆಸಿ ಮತ್ತೆ ಕೆಮ್ಮಣ್ಣು ಬಳಿಯೋಕೆ ಹೊತ್ತಿರಲಿಲ್ಲ, ಒಲೆ ಮೇಲೆ ಕಡುಬು ಬೇಯ್ತಾ ಇತ್ತು. ಬೆಳಗಿನ ಜಾವ ನಾಲ್ಕೂವರೆಗೆ ಮಾವ ದೊಡ್ಡ ಬುಟ್ಟಿ ಹೊತ್ತು ಮುಂದೆ ಹೋದ್ರು, ಚಿಕ್ಕ ಬುಟ್ಟಿ ನಾನು ಹೊತ್ತೆ. ಗದ್ದೆ ಬದು ಇಬ್ಬನಿಗೆ ಜಾರ್ತಿತ್ತು. ಅಜ್ಜಿಗೆ ಅಷ್ಟು ದೂರ ನಡೆಯೋಕಾಗಲ್ಲ, ಅಂಗಳದ ಕಂಬ ಹಿಡ್ಕೊಂಡು ಅಲ್ಲಿಂದಲೇ ಕೂಗಿದ್ಲು, ಬುಟ್ಟಿ ಓರೆ ಮಾಡಬೇಡ, ಹಸಿ ಇದೆ, ಕೈಗೆ ಅಂಟ್ತದೆ ಅಂತ. ಗದ್ದೆ ಮುಟ್ಟಿ ಇಳಿಸಿ ನೋಡಿದ್ರೆ ಹಿಂದಿನ ಒಂದು ಚಕ್ರ ನನ್ನ ಅಂಗೈಗೆ ಅಂಟಿಕೊಂಡಿತ್ತು.